ಗರಿ, ಪುಕ್ಕ, ತುಪ್ಪಳ: ಡೈನೊಸಾರ್ ಮೈಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಹಕ್ಕಿಗಳು ಡೈನೊಸಾರ್ ಕುಲದಿಂದಲೇ ಬಂದವು ಎಂಬುದನ್ನು ಹೈಸ್ಕೂಲು ಮಕ್ಕಳಿಗೆ ತಿಳಿಸುವ ಬರಹವೊಂದನ್ನು ಸಿದ್ಧಮಾಡುತ್ತಿದ್ದೇನೆ. ಮೈಹೊದಿಕೆಯ ಭಾಗದಲ್ಲಿ ಪದ ಆರಿಸುವುದು ಕಷ್ಟವಾಗಿದೆ. ನಿಮ್ಮ ಸಲಹೆ ಬೇಕು.

1996ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಸೈನೊಸಾರೊಪ್ಟೆರಿಕ್ಸ್ ಎಂಬ ಪುಟ್ಟ ಡೈನೊಸಾರ್‌ನ ಪಳೆಯುಳಿಕೆ ಬೆಳಕಿಗೆ ಬಂತು. ಉದ್ದ ಸುಮಾರು ಒಂದು ಮೀಟರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಬೆನ್ನು, ಬಾಲಗಳ ಉದ್ದಕ್ಕೂ ಸಣ್ಣ ಸಣ್ಣ ಎಳೆಗಳ ಗುರುತು ಕಲ್ಲಿನಲ್ಲಿ ಉಳಿದಿದೆ. ಎಳೆಗಳೊಳಗಿನ ಬಣ್ಣದ ಕಣಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಆ ಬಾಲಕ್ಕೆ ಕೆಂಗಂದು ಪಟ್ಟೆಗಳಿದ್ದವೆಂದು 2010ರಲ್ಲಿ ತಿಳಿಸಿದರು. ಅದೇ ಪ್ರಾಂತ್ಯದಲ್ಲಿ ಸಿಕ್ಕ ಕಾಡಿಪ್ಟೆರಿಕ್ಸ್ ಎಂಬ ಇನ್ನೊಂದು ಡೈನೊಸಾರ್‌ನ ತೋಳಿನಲ್ಲೂ ಬಾಲದ ತುದಿಯಲ್ಲೂ ಇದ್ದದ್ದು ಬರೀ ಎಳೆಗಳಲ್ಲ. ನಡುವೆ ದಂಡು, ಎರಡೂ ಬದಿಗೆ ಒತ್ತಾಗಿ ಎಳೆಗಳು. ಆದರೂ ಅದು ಹಾರುತ್ತಿರಲಿಲ್ಲ.

ಇಲ್ಲಿ 'ರೆಕ್ಕೆ' ಎಂದು ಬರೆದರೆ ಕೆಟ್ಟಿತು. ಆಡುಮಾತಿನಲ್ಲಿ 'ಕಾಗೆಯ ರೆಕ್ಕೆ ಬಿದ್ದಿತ್ತು' ಎಂದರೆ ನಡೆಯುತ್ತದೆ, ಆದರೆ 'ರೆಕ್ಕೆಯಿದ್ದ ಡೈನೊಸಾರ್' ಎಂದೊಡನೆ ಮಗುವಿನ ಮನಸ್ಸಿನಲ್ಲಿ ಅದು ಹಾರಿಬಿಡುತ್ತದೆ. ಹೊದಿಕೆ ಮೊದಲು ಬಂತು, ಹಾರಾಟ ಆಮೇಲೆ ಬಂತು ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು.

'ಗರಿ' ನನಗೆ ಬಹಳ ಹಿಡಿಸಿದೆ. ತೆಂಗಿನ ಗರಿ ಅನ್ನುತ್ತೇವಲ್ಲ, ಅದಕ್ಕೂ ನಡುದಂಡು, ಎರಡು ಬದಿಗೆ ಸಾಲು. ರಚನೆಯೇ ಪದದಲ್ಲಿ ಕೂತಿದೆ. ಹಾಗಾಗಿ ಕಾಡಿಪ್ಟೆರಿಕ್ಸ್‌ಗೆ, 1861ರಲ್ಲಿ ಜರ್ಮನಿಯ ಬವೇರಿಯಾದ ಸುಣ್ಣಕಲ್ಲಿನಲ್ಲಿ ಸಿಕ್ಕ ಆರ್ಕಿಯಾಪ್ಟೆರಿಕ್ಸ್ ಎಂಬ ಆದಿಹಕ್ಕಿಗೆ ಗರಿಯೇ ಸರಿ. ಸೈನೊಸಾರೊಪ್ಟೆರಿಕ್ಸ್‌ಗೆ ಮಾತ್ರ ಈ ಪದ ಹೊಂದುವುದಿಲ್ಲ, ಅಲ್ಲಿ ನಡುದಂಡೇ ಇಲ್ಲ.

ಅದಕ್ಕೆ 'ತುಪ್ಪಳ' ಆದೀತೇ? ಕೋಳಿಮರಿಯ ಮೈಗೆ ಹೇಳುವ ಮಾತು, ಮೆತ್ತಗೆ ಇದೆ. ಆದರೆ ಮೊಲಕ್ಕೂ ಕುರಿಗೂ ತುಪ್ಪಳವೇ. ಸಸ್ತನಿಗಳ ಕೂದಲು ಬೇರೆ ದಾರಿಯಲ್ಲಿ ಹುಟ್ಟಿದ್ದು. ಎರಡಕ್ಕೂ ಒಂದೇ ಪದ ಬಳಸಿ ಮಕ್ಕಳನ್ನು ಗೊಂದಲಕ್ಕೆ ಕೆಡವುವುದು ಬೇಡ. ನನ್ನ ಒಲವು 'ಎಳೆಪುಕ್ಕ' ಎಂಬುದರ ಕಡೆಗಿದೆ. ಎಳೆಯಂತಿರುವ ಪುಕ್ಕ ಎಂದು ಅರ್ಥ. ಎಳೆಯ ಪುಕ್ಕ, ಅಂದರೆ ಮರಿಯ ಪುಕ್ಕ, ಎಂದೂ ಓದಿಕೊಳ್ಳುವ ಅಪಾಯವಿದೆ. 'ನೂಲುಪುಕ್ಕ' ಅಂದರೆ ಆ ತೊಡಕಿಲ್ಲ, ಕಿವಿಗೆ ಮಾತ್ರ ಸ್ವಲ್ಪ ಒರಟು.

ಇನ್ನೊಂದು ಸಣ್ಣ ಪ್ರಶ್ನೆ. 'ಡೈನೊಸಾರ್‌ಗಳು 6.6 ಕೋಟಿ ವರ್ಷಗಳ ಹಿಂದೆ ಅಳಿದವು' ಎಂಬ ವಾಕ್ಯ ಇಂದು ತಪ್ಪು, ಏಕೆಂದರೆ ಒಂದು ಕವಲು ಗುಬ್ಬಿಯಾಗಿ, ಹದ್ದಾಗಿ ನಮ್ಮ ನಡುವೆಯೇ ಇದೆ. ಅಳಿದುಹೋದ ಬೇರೆಲ್ಲ ಗುಂಪುಗಳನ್ನು ಒಟ್ಟಾಗಿ ಏನೆನ್ನುವುದು? 'ಪಕ್ಷಿಯೇತರ' ಎಂದು ಕೆಲವರು ಬರೆಯುತ್ತಾರೆ. ಸಂಸ್ಕೃತದ ಸಂಧಿಯಂತೆ ಅದು 'ಪಕ್ಷೀತರ' ಆಗಬೇಕು, ಹಾಗೆ ಬರೆದರೆ ಯಾರಿಗೂ ತಿಳಿಯುವುದಿಲ್ಲ. 'ಹಕ್ಕಿಯಲ್ಲದ ಡೈನೊಸಾರ್' ಎಂದು ನೇರವಾಗಿ ಬರೆದಿದ್ದೇನೆ. ಇದಕ್ಕೆ ಯಾರದಾದರೂ ಆಕ್ಷೇಪಣೆ ಇದೆಯೇ?

'ರಾಕ್ಷಸ ಹಲ್ಲಿ' ಬೇಡವೆಂದು ಈಗಾಗಲೇ ತೀರ್ಮಾನಿಸಿದ್ದೇನೆ. ಬ್ರಿಟಿಷ್ ವಿಜ್ಞಾನಿ ರಿಚರ್ಡ್ ಓವನ್ 1842ರಲ್ಲಿ ಈ ಗುಂಪಿಗೆ ಕೊಟ್ಟ ಹೆಸರಿಗೆ ಅದೇ ಅರ್ಥ ಹೌದು, ಆದರೆ ಈ ಪ್ರಾಣಿಗಳು ಹಲ್ಲಿಗಳಲ್ಲ.

ನಾಟಿಕೋಳಿ ಸಾಕಿದವರು ಈ ಬಳಗದಲ್ಲಿದ್ದರೆ ಒಂದು ವಿಷಯ ತಿಳಿಸಿ. ಮರಿಯ ಮೈಮೇಲಿನ ಮೊದಲ ಮೆತ್ತನೆಯ ಹೊದಿಕೆಗೂ, ಆಮೇಲೆ ಮೂಡುವ ದಂಡಿರುವ ಗರಿಗೂ ನಿಮ್ಮ ಊರಿನಲ್ಲಿ ಬೇರೆ ಬೇರೆ ಹೆಸರಿದೆಯೇ? ಕರಾವಳಿ, ಮಲೆನಾಡು, ಕಲ್ಯಾಣ ಕರ್ನಾಟಕದ ಕಡೆಯ ಮಾತುಗಳು ಸಿಕ್ಕರೆ ಹೊಸ ಪದ ಕಟ್ಟುವ ಬದಲು ಅವನ್ನೇ ಬಳಸುತ್ತೇನೆ.