ಸೈಟಲ್ಲಿ ಟ್ಯಾಕ್ ಹಾಕೋಕೆ ಸಣ್ಣ ವೆಲ್ಡಿಂಗ್ ಮಿಷನ್: ಲೋ ವೋಲ್ಟೇಜ್ ಇರೋ ಕಡೆ ಯಾವುದು ಕೆಲಸ ಮಾಡುತ್ತೆ?

ಸಕಲೇಶಪುರ ಗ್ರಿಲ್‌ಕೆಲಸ

ಎಲ್ಲರಿಗೂ ನಮಸ್ಕಾರ. ತೋಟದ ಶೆಡ್ಡು, ಗೇಟು, ಕಾಫಿ ಕಣದ ಮೇಲಿನ ಚಾವಣಿ, ಇಂಥ ಕೆಲಸಗಳಿಗೆ ಸೈಟಿಗೆ ಒಯ್ಯೋಕೆ ಒಂದು ಸಣ್ಣ ಮಿಷನ್ ನೋಡ್ತಾ ಇದ್ದೀನಿ. ಟ್ರಸ್ (ಚಾವಣಿ ಹೊರೋ ಕಬ್ಬಿಣದ ಚೌಕಟ್ಟು) ಎಲ್ಲ ವರ್ಕ್‌ಶಾಪಲ್ಲೇ ಫುಲ್ ವೆಲ್ಡಿಂಗ್ ಆಗಿ ಬರುತ್ತೆ. ಸೈಟಲ್ಲಿ ಕಂಬ ನಿಲ್ಲಿಸಿ ಮಟ್ಟ ನೋಡಿ ಟ್ಯಾಕ್ (ಜಾಗ ಹಿಡಿಯೋಕೆ ಸಣ್ಣ ವೆಲ್ಡಿಂಗ್) ಹಾಕೋದು, ಪರ್ಲಿನ್ (ಚಾವಣಿ ಶೀಟ್ ಕೂರೋ ಅಡ್ಡ ಪೈಪ್) ಕೂರಿಸೋದು, ಕಂಬದ ಬುಡದ ಬೇಸ್ ಪ್ಲೇಟ್ ಸುತ್ತ ಒಂದು ರನ್ (ಉದ್ದಕ್ಕೂ ಒಂದು ಸಾಲು ವೆಲ್ಡಿಂಗ್) ಎಳೆಯೋದು, ಇಷ್ಟೇ ಕೆಲಸ.

ಮೆಟೀರಿಯಲ್: 50×50×2 ಎಂಎಂ ಸ್ಕ್ವೇರ್ ಪೈಪ್, ಪರ್ಲಿನ್‌ಗೆ 40×40 ಹದಿನಾರು ಗೇಜ್, ಬೇಸ್ ಪ್ಲೇಟ್ 8 ಎಂಎಂ. ಕರೆಂಟ್ ಸಿಂಗಲ್ ಫೇಸ್, ಸಂಜೆ ಹೊತ್ತು 180 ವೋಲ್ಟ್‌ಗೆ ಇಳಿಯುತ್ತೆ. ಮೀಟರ್ ಬೋರ್ಡಿಂದ ಕೆಲಸದ ಜಾಗಕ್ಕೆ ಸುಮಾರು 30 ಮೀಟರ್. ಬೈಕಲ್ಲಿ ಒಯ್ಯೋ ಹಾಗಿರಬೇಕು.

ಸಣ್ಣ ಆರ್ಕ್ 200 (200 ಆಂಪಿಯರ್ ಅಂತ ಬರೆದಿರೋ ರಾಡು ಮಿಷನ್) ಸಾಕಾ? ಗ್ಯಾಸ್ ಇಲ್ಲದ ಮಿಗ್ (ರಾಡಿನ ಬದಲು ಸ್ಪೂಲಿಂದ ವೈರ್ ತಾನೇ ಬರೋ ಮಿಷನ್) ತಗೊಳ್ಳಲಾ? 3 ಕೆವಿಎ ಪೆಟ್ರೋಲ್ ಜನರೇಟರ್ ಮೇಲೆ ಓಡುತ್ತಾ? ಗೊತ್ತಿರೋರು ದಯವಿಟ್ಟು ಹೇಳಿ.

ಸೈಟ್ ಫಿಟ್ಟರ್ ಹಾಸನ

ಅಣ್ಣ, ನಿಮ್ಮ ಕೆಲಸಕ್ಕೆ ರಾಡು ಹಾಕೋ ಇನ್ವರ್ಟರ್ ಮಿಷನ್ನೇ (ಹಳೇ ಭಾರದ ಟ್ರಾನ್ಸ್‌ಫಾರ್ಮರ್ ಸೆಟ್ ಬದಲು ಎಲೆಕ್ಟ್ರಾನಿಕ್ ಕಾರ್ಡಿಂದ ಓಡೋ ಹಗುರ ಮಿಷನ್) ಸರಿ. ಟ್ಯಾಕ್‌ಗೆ 200 ಆಂಪಿಯರ್ ಯಾವತ್ತೂ ಬೇಕಾಗಲ್ಲ. 2 ಎಂಎಂ ಪೈಪಿಗೆ 2.5 ಎಂಎಂ 6013 ರಾಡು (6013 ಅನ್ನೋದು ರಾಡಿನ ಜಾತಿ, 2.5ಕ್ಕೆ ಅಂಗಡಿಯಲ್ಲಿ ಹನ್ನೆರಡು ನಂಬರ್ ಅಂತಾರೆ), 75ರಿಂದ 85 ಆಂಪಿಯರ್. ಹದಿನಾರು ಗೇಜ್ ಪರ್ಲಿನ್‌ಗೆ ಅದೇ ರಾಡಲ್ಲಿ 65–70ಕ್ಕೆ ಇಳಿಸಿ, ಅಥವಾ 2 ಎಂಎಂ ರಾಡಲ್ಲಿ 45–55. ಬೇಸ್ ಪ್ಲೇಟಿಗೆ ಮಾತ್ರ 3.15 ರಾಡು, 110–120. ಅಂದ್ರೆ ನಿಜವಾಗಿ 130 ಆಂಪಿಯರ್ ಕೊಡೋ ಮಿಷನ್ ಇದ್ದರೆ ನಿಮ್ಮ ಎಲ್ಲಾ ಕೆಲಸ ಮುಗಿಯುತ್ತೆ.

ಡ್ಯೂಟಿ ಸೈಕಲ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮಿಷನ್ನಿನ ಪ್ಲೇಟಲ್ಲಿ ಬರೆದಿರೋ ಶೇಕಡಾವಾರು ಹತ್ತು ನಿಮಿಷದಲ್ಲಿ ಎಷ್ಟು ಹೊತ್ತು ಆರ್ಕ್ ಉರಿಸಬಹುದು ಅನ್ನೋ ಲೆಕ್ಕ. ಒಂದು ಟ್ಯಾಕ್ ಮೂರು ಸೆಕೆಂಡ್ ಅಂದುಕೊಳ್ಳಿ. ಹತ್ತು ನಿಮಿಷಕ್ಕೆ ಇಪ್ಪತ್ತು ಟ್ಯಾಕ್ ಹಾಕಿದರೂ ಆರ್ಕ್ ಉರಿಯೋದು ಒಂದೇ ನಿಮಿಷ, ಶೇ. 10. ಬೇಸ್ ಪ್ಲೇಟ್ ರನ್ ಎಳೆಯುವಾಗ ಮಾತ್ರ ಅದು ಲೆಕ್ಕಕ್ಕೆ ಬರೋದು. 120 ಆಂಪಿಯರಲ್ಲಿ ಶೇ. 35–40 ಇದ್ದರೆ ಒಂದು ಕಂಬ ಮುಗಿಸಿ ಮುಂದಿನ ಕಂಬಕ್ಕೆ ಕ್ಲಾಂಪ್ (ಕಬ್ಬಿಣಕ್ಕೆ ಕಚ್ಚಿಸೋ ವಾಪಸ್ ಕೇಬಲ್ಲಿನ ತುದಿ) ಬದಲಾಯಿಸೋದರೊಳಗೆ ಅದು ತಣ್ಣಗಾಗಿರುತ್ತೆ.

ಇರಲೇಬೇಕಾದ್ದು ಹಾಟ್ ಸ್ಟಾರ್ಟ್. ಟ್ಯಾಕಲ್ಲಿ ಕಬ್ಬಿಣ ಪ್ರತಿ ಸಲ ತಣ್ಣಗಿರುತ್ತೆ, ರಾಡು ಮುಟ್ಟಿಸಿದ ತಕ್ಷಣ ಅಂಟಿಕೊಳ್ಳುತ್ತೆ. ಹಾಟ್ ಸ್ಟಾರ್ಟ್ ಇದ್ದರೆ ಹೊತ್ತೋ ಕ್ಷಣಕ್ಕೆ ಆಂಪಿಯರ್ ಏರಿಸಿ ಆಮೇಲೆ ಇಳಿಸುತ್ತೆ. ರಾಡು ಅಂಟಿದರೆ ಕರೆಂಟ್ ತಾನೇ ಇಳಿಸೋ ಆಂಟಿ ಸ್ಟಿಕ್ಕೂ ಇರಲಿ. ಇನ್ನೊಂದು, ಅರ್ಧ ಉರಿದ ರಾಡಿನ ತುದಿಯಲ್ಲಿ ಸ್ಲ್ಯಾಗ್ (ಲೇಪನ ಕರಗಿ ಗಟ್ಟಿಯಾದದ್ದು) ಟೋಪಿ ಹಾಗೆ ಕೂತಿರುತ್ತೆ. ಅದನ್ನು ಕಲ್ಲಿಗೋ ಫೈಲಿಗೋ ತಟ್ಟಿ ಉದುರಿಸದೆ ಹೊಡೆದರೆ ಆರ್ಕ್ ಬರಲ್ಲ, ಜೋರಾಗಿ ಕುಟ್ಟಿದರೆ ಲೇಪನ ಉದುರಿ ಟ್ಯಾಕಲ್ಲಿ ತೂತು ಬೀಳುತ್ತೆ. ಮಿಷನ್ ಸರಿಯಿಲ್ಲ ಅನ್ನೋ ದೂರಲ್ಲಿ ಬಹಳಷ್ಟು ಇದೇ.

2 ಎಂಎಂ ಪೈಪಿಗೆ ರಾಡು ಹಿಡಿಯೋ ಹೋಲ್ಡರ್ ಮೈನಸ್ಸಿಗೆ, ಕ್ಲಾಂಪ್ ಪ್ಲಸ್ಸಿಗೆ ಹಾಕಿ. 6013 ಎರಡೂ ಕಡೆ ಉರಿಯುತ್ತೆ, ಆದರೆ ಮೈನಸ್ಸಲ್ಲಿ ಆಳಕ್ಕೆ ಕಮ್ಮಿ ಇಳಿಯುತ್ತೆ, ತೆಳು ಪೈಪ್ ತೂತಾಗಲ್ಲ. ಬೇಸ್ ಪ್ಲೇಟಿಗೆ ಬಂದಾಗ ಹೋಲ್ಡರನ್ನು ಪ್ಲಸ್ಸಿಗೆ ತಿರುಗಿಸಿ.

ಟ್ಯಾಕ್ ಉದ್ದ ಪೈಪಲ್ಲಿ 10–15 ಎಂಎಂ, ಬೇಸ್ ಪ್ಲೇಟಲ್ಲಿ 20–25. ಕಂಬದ ಒಂದು ಮುಖಕ್ಕೆ ಒಂದು ಟ್ಯಾಕ್ ಹಾಕಿ ತಕ್ಷಣ ತೂಗುಗುಂಡು ನೋಡಿ. ತಣ್ಣಗಾಗುವಾಗ ಅದು ಕಂಬವನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತೆ. ಮುಂದಿನ ಟ್ಯಾಕ್ ಎದುರು ಮುಖಕ್ಕೆ, ಆಮೇಲೆ ಉಳಿದೆರಡು. ಬರೀ ಟ್ಯಾಕ್ ಮೇಲಿರೋ ಟ್ರಸ್ಸನ್ನು ಹಗ್ಗ ಕಟ್ಟಿ ಎತ್ತಬೇಡಿ. ಟ್ಯಾಕ್ ಇರೋದು ಜಾಗ ಹಿಡಿಯೋಕೆ, ತೂಕ ಹೊರೋಕಲ್ಲ. ಕೆಳಗೆ ಜನ ನಿಂತಿರ್ತಾರೆ.

ಕಡೂರು ಮೋಟರ್ ವೈಂಡಿಂಗ್

ಮಿಷನ್ ವಿಷಯ ಮೇಲಿನವರು ಹೇಳಿದ್ದು ಸರಿ. ನಿಮ್ಮ ನಿಜವಾದ ತೊಂದರೆ ಇರೋದು ಆ 30 ಮೀಟರ್ ವೈರಲ್ಲಿ.

80 ಆಂಪಿಯರಲ್ಲಿ ಆರ್ಕ್ ವೋಲ್ಟೇಜ್ ಸುಮಾರು 23. ಅಂದ್ರೆ ಔಟ್‌ಪುಟ್ 1,850 ವ್ಯಾಟ್. ಮಿಷನ್ನಿನ ನಷ್ಟ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು, ಸಣ್ಣ ಮಿಷನ್‌ಗಳಲ್ಲಿ 0.65ರ ಆಸುಪಾಸು) ಎಲ್ಲ ಸೇರಿಸಿದರೆ 230 ವೋಲ್ಟಲ್ಲಿ 15 ಆಂಪಿಯರ್ ಎಳೆಯುತ್ತೆ. ವೋಲ್ಟೇಜ್ 180ಕ್ಕೆ ಬಿದ್ದರೆ ಅದೇ ಕೆಲಸಕ್ಕೆ 19. ವೋಲ್ಟೇಜ್ ಕಮ್ಮಿಯಾದಷ್ಟೂ ಇನ್ವರ್ಟರ್ ಹೆಚ್ಚು ಎಳೆಯುತ್ತೆ, ಹೆಚ್ಚು ಎಳೆದಷ್ಟೂ ವೈರಲ್ಲಿ ಇನ್ನೂ ಇಳಿಯುತ್ತೆ.

ಈಗ ವೈರ್ ಲೆಕ್ಕ. 30 ಮೀಟರ್ ಅಂದ್ರೆ ಹೋಗಿ ಬರೋದು 60 ಮೀಟರ್. 1 ಸ್ಕ್ವೇರ್ ಎಂಎಂ ವೈರಲ್ಲಿ 19 ಆಂಪಿಯರ್ ಹರಿದರೆ 22 ವೋಲ್ಟ್ ಅಲ್ಲೇ ಹೋಗುತ್ತೆ, ಮಿಷನ್ನಿಗೆ ಸಿಗೋದು 158. 2.5 ಸ್ಕ್ವೇರಲ್ಲಿ ಹೋಗೋದು 9 ವೋಲ್ಟ್. 4 ಸ್ಕ್ವೇರಲ್ಲಿ ಆರಕ್ಕಿಂತ ಕಮ್ಮಿ. ಹಾಗಾಗಿ 2.5ಕ್ಕಿಂತ ಕೆಳಗೆ ಬೇಡವೇ ಬೇಡ, ತೋಟದ ಕಡೆಗೆ 4 ಸ್ಕ್ವೇರ್ ಮೂರು ಕೋರ್ ತಾಮ್ರ ತಗೊಳ್ಳಿ. ಮಿಷನ್ನಿಗೆ ಸಾವಿರ ಹೆಚ್ಚು ಕೊಡೋದಕ್ಕಿಂತ ಆ ದುಡ್ಡು ವೈರಿಗೆ ಹಾಕಿ. ಕೆಲಸ ಮಾಡುವಾಗ ವೈರನ್ನು ಡ್ರಮ್ಮಿಂದ ಪೂರ್ತಿ ಬಿಚ್ಚಿರಬೇಕು, ಸುತ್ತಿಟ್ಟೇ ಓಡಿಸಿದರೆ ಒಳಗಿನ ಸುತ್ತು ಬಿಸಿಯಾಗಿ ಇನ್ಸುಲೇಷನ್ ಕರಗುತ್ತೆ.

ವೋಲ್ಟೇಜನ್ನು ಸುಮ್ಮನೆ ಇರುವಾಗ ಅಳೆದರೆ ಉಪಯೋಗವಿಲ್ಲ. ಒಬ್ಬರು ಆರ್ಕ್ ಹಿಡಿದಿರುವಾಗ ವೈರಿನ ಕೊನೆಯಲ್ಲಿ ಮೀಟರ್ ಇಟ್ಟು ನೋಡಿ. 215 ತೋರಿಸ್ತಿದ್ದದ್ದು 165ಕ್ಕೆ ಬಿದ್ದರೆ ಲೈನೋ ವೈರೋ ಸೋತಿದೆ ಅಂತ.

ಕೊಳ್ಳುವಾಗ ಇನ್‌ಪುಟ್ ರೇಂಜ್ ಕೇಳಿ. 230ಕ್ಕೆ ಶೇ. 15 ಹೆಚ್ಚುಕಮ್ಮಿ ಅಂತಿದ್ದರೆ ಅದರ ಕೆಳಗಿನ ಮಿತಿ 195, ನಿಮ್ಮಲ್ಲಿ ಸಂಜೆ ಓಡಲ್ಲ. 150–160ವರೆಗೂ ಓಡುತ್ತೆ ಅಂತ ಪ್ಲೇಟಲ್ಲೋ ಪುಸ್ತಕದಲ್ಲೋ ಬರೆದಿರಬೇಕು, ಅಂಗಡಿಯವರ ಬಾಯಿಮಾತು ಸಾಲದು.

3 ಕೆವಿಎ ಜನರೇಟರ್ ಸಾಲಲ್ಲ. 80 ಆಂಪಿಯರಿಗೇ ಮೂರೂವರೆ ಕೆವಿಎ ಬೇಕು. 2.5 ರಾಡಿಗೆ ಕನಿಷ್ಠ 5 ಕೆವಿಎ, ಎವಿಆರ್ (ವೋಲ್ಟೇಜನ್ನು ತಾನೇ ಸಮ ಹಿಡಿಯೋ ಭಾಗ) ಇರೋದು. ತೋಟದ ಪಲ್ಪರ್‌ಗೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್) ಇಟ್ಟಿರೋ ದೊಡ್ಡ ಡೀಸೆಲ್ ಸೆಟ್ ಸಿಕ್ಕರೆ ಒಳ್ಳೇದು. ಆದರೆ ಜನರೇಟರ್ ಸ್ಟಾರ್ಟ್ ಆಗಿ ವೋಲ್ಟೇಜ್ ನಿಂತ ಮೇಲೇ ಮಿಷನ್ ಸ್ವಿಚ್ ಹಾಕಿ, ನಿಲ್ಲಿಸೋಕೆ ಮುಂಚೆ ಮಿಷನ್ ಆಫ್ ಮಾಡಿ. ಏರಿಳಿಯೋ ಹೊತ್ತಲ್ಲೇ ಕಾರ್ಡು ಹೋಗೋದು. ಮನೆಯ ಬ್ಯಾಟರಿ ಯುಪಿಎಸ್ ಮೇಲೆ ಹಾಕೋ ಯೋಚನೆ ಬೇಡ.

ಮೂಡಿಗೆರೆ ತೋಟದಕೆಲಸ

ಗ್ಯಾಸ್ ಇಲ್ಲದ ಮಿಗ್ ಬಗ್ಗೆ ಕೇಳಿದ್ರಿ. ಬರೀ ಗ್ರಿಲ್ಲು, ತೆಳು ಪೈಪು ಆಗಿದ್ದರೆ ಹೌದು ಅಂತಿದ್ದೆ. ಒಂದು ಕೈಯಲ್ಲಿ ಪೀಸ್ ಹಿಡಿದು ಇನ್ನೊಂದರಲ್ಲಿ ಟ್ಯಾಕ್ ಹಾಕಬಹುದು, ಗಾಳಿಗೂ ಅಷ್ಟಾಗಿ ಕೆಡಲ್ಲ. ಗ್ಯಾಸ್ ಮಿಗ್ಗಾದರೆ ನಮ್ಮ ಬೆಟ್ಟದ ಗಾಳಿಗೆ ಗ್ಯಾಸ್ ಹಾರಿಹೋಗಿ ಟ್ಯಾಕ್ ತುಂಬ ಸೂಜಿರಂಧ್ರ. ಆದರೆ ಮಾಮೂಲಿ ಸಿಗೋ 0.8 ಎಂಎಂ ಇ71ಟಿ-ಜಿಎಸ್ ವೈರ್ ಒಂದೇ ರನ್ನಿಗೆ ಮಾಡಿರೋದು, ಮೇಲೆ ಎರಡನೇ ರನ್ ಎಳೆಯೋಕಲ್ಲ. 8 ಎಂಎಂ ಪ್ಲೇಟಿಗೆ ನಾನು ನಂಬಲ್ಲ. ಮಿಷನ್ ತೂಕವೂ ಹೆಚ್ಚು, ವೋಲ್ಟೇಜ್ ಬಿದ್ದಾಗ ಆರ್ಕ್ ಪಟಪಟ ಅಂತ ಕಡಿದುಹೋಗುತ್ತೆ. ಮಳೆಗಾಲದಲ್ಲಿ ಸ್ಪೂಲನ್ನು ಮಿಷನ್ನಲ್ಲೇ ಬಿಟ್ಟರೆ ವೈರ್ ತುಕ್ಕು ಹಿಡಿದು ಲೈನರಲ್ಲಿ (ವೈರ್ ಸಾಗೋ ಒಳಗಿನ ಕೊಳವೆ) ಸಿಕ್ಕಿಕೊಳ್ಳುತ್ತೆ.

ರಾಡಿಗೂ ಮಲೆನಾಡ ಮಳೆ ಶತ್ರು. ಒದ್ದೆಯಾದ 6013 ಉರಿಯುವಾಗ ಚಟಚಟ ಸಿಡಿಯುತ್ತೆ, ಟ್ಯಾಕಲ್ಲಿ ಗುಳ್ಳೆ. 100–120 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿದರೆ ಸರಿಹೋಗುತ್ತೆ. ಲೇಪನ ಬಿರುಕು ಬಿಟ್ಟಿದ್ದರೆ ಎಸೆಯಿರಿ. ಸೈಟಿಗೆ ಪೂರ್ತಿ ಪ್ಯಾಕೆಟ್ ಒಡೆಯದೆ ಬಿಗಿ ಮುಚ್ಚಳದ ಪಿವಿಸಿ ಪೈಪಲ್ಲಿ ಆ ದಿನಕ್ಕೆ ಬೇಕಾದಷ್ಟೇ ಒಯ್ಯಿರಿ.

ಮಿಷನ್ ಮೇಲೆ ಐಪಿ21ಎಸ್ ಅಂತಿದ್ದರೆ ನೆಟ್ಟಗೆ ಬೀಳೋ ಹನಿಗೆ ಮಾತ್ರ ರಕ್ಷಣೆ, ಇರಿಚಲು ಮಳೆಗಲ್ಲ. ರಾತ್ರಿ ಮಂಜಿನಲ್ಲಿದ್ದ ಮಿಷನ್ನಾದರೆ ಮೊದಲು ಒಳಗಡೆ ಒಣಗಲು ಬಿಡಿ, ಆಮೇಲೆ ಹತ್ತು ನಿಮಿಷ ಬರೀ ಫ್ಯಾನ್ ಓಡಿಸಿ ಕೆಲಸಕ್ಕೆ ಹಚ್ಚಿ. ಗ್ರೈಂಡಿಂಗ್ ಮಾಡೋ ಕಡೆಯಿಂದ ದೂರ ಇಡಿ. ಕಟಿಂಗ್ ವೀಲಿನ ಪುಡಿ ಕಬ್ಬಿಣ. ಫ್ಯಾನ್ ಅದನ್ನು ಒಳಗೆಳೆದು ಕಾರ್ಡಿನ ಮೇಲೆ ಕೂರಿಸುತ್ತೆ, ಅದಕ್ಕೆ ತೇವ ಸೇರಿದರೆ ಶಾರ್ಟ್.

ಕಾಫಿ ಗೋಡೌನ್ ಪಕ್ಕ ಕೆಲಸ ಇದ್ದರೆ ಹೊಟ್ಟು, ಗೋಣಿಚೀಲ ಎಲ್ಲ ಸರಿಸಿ, ಒಂದು ಬಕೆಟ್ ನೀರು ಇಟ್ಟುಕೊಳ್ಳಿ. ಹೊಟ್ಟಿಗೆ ಬಿದ್ದ ಕಿಡಿ ಉರಿಯೋದು ಕಾಣಲ್ಲ, ಒಳಗೊಳಗೇ ಹೊಗೆಯಾಡಿ ಗಂಟೆಗಳಾದ ಮೇಲೆ ಹೊತ್ತಿಕೊಳ್ಳುತ್ತೆ. ಹೊರಡೋ ಮುಂಚೆ ಮತ್ತೊಂದು ಸುತ್ತು ನೋಡಿ.

ಸಕಲೇಶಪುರ ಗ್ರಿಲ್‌ಕೆಲಸ

ತುಂಬಾ ಉಪಕಾರ ಆಯ್ತು ಎಲ್ಲರಿಗೂ. ಅಂಗಡಿಯಲ್ಲಿ ಎರಡು ನೋಡಿದೆ. ಒಂದು ನಾಲ್ಕು ಕೆಜಿ, ಮೇಲೆ ದೊಡ್ಡದಾಗಿ 200 ಅಂತಿದೆ. ಹಿಂದಿನ ಪ್ಲೇಟಲ್ಲಿ ಐ1 ಮ್ಯಾಕ್ಸ್ (ಲೈನಿಂದ ಎಳೆಯೋ ಗರಿಷ್ಠ ಕರೆಂಟ್) 22 ಆಂಪಿಯರ್. ಇನ್ನೊಂದು ಏಳು ಕೆಜಿ, 160 ಆಂಪಿಯರ್, ಐ1 ಮ್ಯಾಕ್ಸ್ 33, ಇನ್‌ಪುಟ್ 160ರಿಂದ 260 ವೋಲ್ಟ್. ಎರಡನೇದರ ರೇಟು ಜಾಸ್ತಿ. ಮೊದಲನೇದಕ್ಕೆ ಕೇಬಲ್ಲೂ ಫ್ರೀ ಕೊಡ್ತಾರಂತೆ.

ಸೈಟ್ ಫಿಟ್ಟರ್ ಹಾಸನ

ಎರಡನೇದು ತಗೊಳ್ಳಿ. 200 ಆಂಪಿಯರ್ ಕೊಡೋ ಮಿಷನ್ ಸಿಂಗಲ್ ಫೇಸಲ್ಲಿ 40ಕ್ಕಿಂತ ಹೆಚ್ಚು ಎಳೆಯಬೇಕು. 22 ಮಾತ್ರ ಎಳೆಯುತ್ತೆ ಅಂದ್ರೆ ಔಟ್‌ಪುಟ್ 110ರ ಸುತ್ತಮುತ್ತ, ಅಷ್ಟೇ. 2.5 ರಾಡಿಗೆ ಪರವಾಗಿಲ್ಲ, 3.15ಕ್ಕೆ ಏದುಸಿರು. ಎರಡನೇದರ 33 ಆಂಪಿಯರ್ 160ಕ್ಕೆ ಹೊಂದುತ್ತೆ. ಪ್ಲೇಟಲ್ಲಿ 40 ಡಿಗ್ರಿ ಸೆಲ್ಸಿಯಸ್ ಅಂತ ಬರೆದು ಡ್ಯೂಟಿ ಸೈಕಲ್ ಕೊಟ್ಟಿದ್ದಾರಾ ಅಂತಾನೂ ನೋಡಿ. ಏಳು ಕೆಜಿ ಬೈಕಿಗೆ ಭಾರವೇನಲ್ಲ.

ಫ್ರೀ ಕೇಬಲ್ ಕತ್ತರಿಸಿ ನೋಡಿದರೆ ಸಾಮಾನ್ಯವಾಗಿ ತಾಮ್ರದ ಬಣ್ಣದ ಅಲ್ಯೂಮಿನಿಯಮ್. ಎಳೆಯನ್ನು ಬ್ಲೇಡಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತೆ. 16 ಸ್ಕ್ವೇರ್ ತಾಮ್ರದ ಕೇಬಲ್ ಹೋಲ್ಡರಿಗೆ 10 ಮೀಟರ್, ಕ್ಲಾಂಪಿಗೆ 5 ಮೀಟರ್ ಮಾಡಿಸಿ. ಮಿಷನ್ ನೆಲದಲ್ಲೇ ಇರಲಿ, ಏಣಿ ಮೇಲೆ ಹೋಲ್ಡರ್ ಮಾತ್ರ ಹೋಗಲಿ. ಕ್ಲಾಂಪನ್ನು ಯಾವತ್ತೂ ಟ್ಯಾಕ್ ಹಾಕೋ ಪೀಸಿಗೇ, ಪೇಂಟ್ ಕೆರೆದು ಹಾಕಿ. ದೂರದ ಕಂಬಕ್ಕೆ ಹಾಕಿದರೆ ಕರೆಂಟ್ ವಾಪಸ್ ಹೋಗೋ ದಾರಿಯಲ್ಲಿ ಪಂಪ್ ಮೋಟರಿನ ಬೇರಿಂಗೋ ಅರ್ತ್ ವೈರೋ ಸಿಕ್ಕಿ ಸುಡುತ್ತೆ.

ಕಡೂರು ಮೋಟರ್ ವೈಂಡಿಂಗ್

ಪ್ಲಗ್ ಪಾಯಿಂಟ್ ವಿಷಯ ಒಂದು. 2.5 ರಾಡಲ್ಲಿ ಟ್ಯಾಕಿಗೆ 16 ಆಂಪಿಯರ್ ಸಾಕೆಟ್ ನಡೆಯುತ್ತೆ. 3.15ರಲ್ಲಿ ರನ್ ಎಳೆಯೋದಾದರೆ 120 ಆಂಪಿಯರಿಗೆ 24–25 ಎಳೆಯುತ್ತೆ, ಹಾಗಾಗಿ ಬೋರ್ಡಲ್ಲಿ 32 ಆಂಪಿಯರ್ ಸಿ ಟೈಪ್ ಎಂಸಿಬಿ, 32ರ ಇಂಡಸ್ಟ್ರಿಯಲ್ ಸಾಕೆಟ್, 4 ಸ್ಕ್ವೇರ್ ವೈರ್. ಆ ರನ್ನನ್ನು ಬೆಳಗ್ಗೆ ವೋಲ್ಟೇಜ್ ಚೆನ್ನಾಗಿರುವಾಗ ಮುಗಿಸಿ, ಸಂಜೆಗೆ ಪರ್ಲಿನ್ ಟ್ಯಾಕ್ ಇಟ್ಟುಕೊಳ್ಳಿ.

ಕೊನೇದಾಗಿ, ಹಳೇ ಟ್ರಾನ್ಸ್‌ಫಾರ್ಮರ್ ಸೆಟ್ಟಿಗೆ ಎರಡು ಫೇಸ್ ಕೊಟ್ಟು ಅಭ್ಯಾಸ ಇರೋ ಹುಡುಗರು ಇದಕ್ಕೂ ಹಾಗೇ ಕೊಟ್ಟುಬಿಡ್ತಾರೆ. 230ರಲ್ಲಿ ಒಳಗಿನ ಡಿಸಿ 325 ವೋಲ್ಟ್, ಎರಡು ಫೇಸಿನ ನಡುವಿನ 415 ಕೊಟ್ಟರೆ 585 ದಾಟುತ್ತೆ. ಒಳಗಿರೋ ಕೆಪಾಸಿಟರ್ 400 ಅಥವಾ 450 ವೋಲ್ಟಿಂದು, ಸ್ವಿಚ್ ಹಾಕಿದ ತಕ್ಷಣ ಸಿಡಿಯುತ್ತೆ. ಪಂಪ್‌ಹೌಸ್ ಬೋರ್ಡಿಂದ ತಗೊಳ್ಳುವಾಗ ಮೀಟರಲ್ಲಿ ಫೇಸು–ನ್ಯೂಟ್ರಲ್ ಅಳೆದು 230ರ ಹತ್ತಿರ ಇದೆ ಅಂತ ಖಾತ್ರಿಯಾದ ಮೇಲೆ ಪ್ಲಗ್ ಹಾಕಿ. ನ್ಯೂಟ್ರಲ್ ಸಡಿಲ ಇದ್ದರೂ ಇದೇ ಗತಿ, ಆ ಸ್ಕ್ರೂ ಬಿಗಿ ಇದೆಯಾ ಅಂತ ಮೇನ್ ಇಳಿಸಿ ನೋಡಿಕೊಳ್ಳಿ.