'ರಿಫ್ಲಕ್ಸ್‌'ಗೆ ಜನ ಆಡುವ ಪದ ಯಾವುದು? ಹುಳಿತೇಗು, ಎದೆಯುರಿ, ಹುಳಿಯೇರಿಕೆ?

ಗೆಳೆಯರೇ,

ಅನ್ನನಾಳದ ಕ್ಯಾನ್ಸರ್ ಬಗ್ಗೆ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೈ ನಿಂತಿದೆ.

ಮೊದಲನೆಯದು 'ಆಸಿಡ್ ರಿಫ್ಲಕ್ಸ್'. 'ಆಮ್ಲದ ಹಿಮ್ಮುಖ ಹರಿವು' ಅಂತ ಬರೆದರೆ ತಪ್ಪೇನಿಲ್ಲ. ಆದರೆ ಅದನ್ನು ಓದಿ 'ಅಯ್ಯೋ, ನನಗೂ ಹೀಗೇ ಆಗುತ್ತಲ್ಲ' ಅನ್ನುವವರು ಯಾರು? ನಮ್ಮ ದೊಡ್ಡಮ್ಮ ರಾತ್ರಿ 2 ಗಂಟೆಗೆ ಎದ್ದು, ದಿಂಬಿನ ಮೇಲೆ ದಿಂಬಿಟ್ಟು ಒರಗಿ ಕೂರುತ್ತಿದ್ದರು. ಕೇಳಿದರೆ 'ಏನಿಲ್ಲ ಕಣೋ, ಗ್ಯಾಸ್ಟ್ರಿಕ್ಕು. ಗಂಟಲಿಗೆ ಹುಳಿ ಬರುತ್ತೆ' ಅನ್ನುತ್ತಿದ್ದರು. ಹೊಟ್ಟೆ ಉಬ್ಬರಕ್ಕೂ ಗ್ಯಾಸ್ಟ್ರಿಕ್ಕು, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್ಕು. ಹಾಗಾಗಿ ಆ ಪದ ಇಲ್ಲಿ ಬೇಡ. ಅವರ ಮಾತಿನ ಎರಡನೇ ಭಾಗವೇ ನನಗೆ ಬೇಕಾದದ್ದು.

'ಎದೆಯುರಿ' ಲಕ್ಷಣದ ಹೆಸರು. 'ಹುಳಿತೇಗು' ಹತ್ತಿರ ಬರುತ್ತದೆ, ಆದರೆ ಮಲಗಿದಾಗ ತೇಗಿಲ್ಲದೆಯೂ ಹುಳಿ ಮೇಲೆ ಬರುತ್ತದೆ. 'ಆಸಿಡಿಟಿ' ಅಂದರೆ ಹುಳಿ ಜಾಸ್ತಿಯಾಗಿದೆ ಅನ್ನಿಸುತ್ತದೆ, ಅಲ್ವಾ? ಇಲ್ಲಿ ಮುಖ್ಯವಾದ ತೊಂದರೆ ಅದಲ್ಲ. ಅನ್ನನಾಳದ ಬುಡದ ಸ್ನಾಯು ಸಡಿಲಾಗಿ, ಹೊಟ್ಟೆಯಲ್ಲಿರಬೇಕಾದ ಹುಳಿ ಮೇಲೇರುತ್ತದೆ. 'ಹುಳಿಯುಕ್ಕು' ಅಂತಲೂ ಯೋಚಿಸಿದೆ, ಹಾಲುಕ್ಕಿದ ಹಾಗೆ. ಆದರೆ ಉಕ್ಕಿದ್ದು ಕಾದು ಹೊರಗೆ ಚೆಲ್ಲುತ್ತದೆ. ಸದ್ಯಕ್ಕೆ 'ಹುಳಿಯೇರಿಕೆ' ಕಡೆ ಒಲವು.

ಪದಕ್ಕೆ ಇಷ್ಟು ಒದ್ದಾಡುವುದಕ್ಕೆ ಕಾರಣ ಇದೆ. 1999ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ವಾರಕ್ಕೊಮ್ಮೆಯಾದರೂ ಹೀಗೆ ಆಗುವವರಲ್ಲಿ ಅನ್ನನಾಳದ ಅಡಿನೋಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಸುಮಾರು 8 ಪಟ್ಟು ಕಂಡಿತ್ತು. ಎದೆಯುರಿ ಇರುವ ಬಹುಪಾಲು ಜನರಿಗೆ ಈ ಕ್ಯಾನ್ಸರ್ ಬರುವುದಿಲ್ಲ, ನಿಜ. ಆದರೂ ವರ್ಷಗಟ್ಟಲೆ ಹುಳಿ ಏರುತ್ತಿದ್ದರೆ ವೈದ್ಯರಿಗೆ ಹೇಳಬೇಕು. ಹೇಳುವುದಕ್ಕೆ ಒಂದು ಪದ ಬೇಕು.

ಎರಡನೆಯದು 'ಆಹಾರದ ರಾಸಾಯನಿಕಗಳು'. 'ರಾಸಾಯನಿಕ' ಅಂದ ತಕ್ಷಣ ಗೊಬ್ಬರ, ಕೀಟನಾಶಕ ಕಣ್ಣಿಗೆ ಬರುತ್ತವೆ. ಮೂಲ ಕರಪತ್ರದಲ್ಲಿ ಹೇಳಿರುವುದು ನೈಟ್ರೇಟ್ ಎಂಬ ವಸ್ತುವಿನ ಬಗ್ಗೆ. ಅದು ಪಾಲಕ್ ಸೊಪ್ಪು, ಬೀಟ್‌ರೂಟ್‌ಗಳಲ್ಲಿ ತಾನಾಗಿಯೇ ಇರುತ್ತದೆ. ಬಾಯೊಳಗಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಉಗುಳಿನ ಜೊತೆ ಇಳಿದ ನೈಟ್ರೈಟ್, ಏರಿ ಬಂದ ಹುಳಿಗೆ ಸಿಕ್ಕಿ ಹಾನಿಕರ ವಸ್ತುಗಳಾಗಬಹುದು ಅನ್ನುವುದು ಒಂದು ವಾದ. ಇದನ್ನೇ 'ಸೊಪ್ಪಿನಲ್ಲಿ ರಾಸಾಯನಿಕ' ಅಂತ ಬರೆದರೆ ಜನ ಸೊಪ್ಪನ್ನೇ ಬಿಟ್ಟಾರು! ಸೊಪ್ಪು, ಹಣ್ಣಿನಲ್ಲಿರುವ ಸಿ ವಿಟಮಿನ್ ಇಂಥ ವಸ್ತುಗಳು ಹುಟ್ಟುವುದನ್ನು ತಡೆಯಲೂಬಹುದು. 'ಆಹಾರದಲ್ಲಿರುವ ಅಂಶಗಳು' ಅಂದರೆ ಸಾಕೇ, ಅಥವಾ ಸಪ್ಪೆಯಾಯಿತೇ?

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಬರೆಯಿರಿ. ಗಂಟಲಿಗೆ ಹುಳಿ ಬಂದರೆ ನಿಮ್ಮ ಮನೆಯ ಹಿರಿಯರು ಏನಂತಾರೆ?