ಕಡ್ಡಿಯಾಗಿದೆ ಅಂತ ಕೀಳಬೇಡ ಪುಟ್ಟಿ

ಪುಟ್ಟಿ, ಈಗ ತಾನೇ ನೋಡಿದೆ ಗ್ರೂಪಲ್ಲಿ ನಿನ್ನ ಮೆಸೇಜು. ಚಳಿ ಬಿದ್ದಾಗಿಂದ ಕೈತೋಟ ಬೋಳಾಗಿದೆ, ದಾಳಿಂಬೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದಿದೆ, ಆ ಕಡೆ ಹೋಗೋಕೇ ಮನಸ್ಸು ಬರಲ್ಲ, ಎಲ್ಲ ಕಿತ್ತು ನೆಲ ಚೊಕ್ಕಟ ಮಾಡಿಸಿಬಿಡಲಾ ದೊಡ್ಡಮ್ಮ ಅಂತ ಕೇಳಿದೀಯ. ಟೈಪ್ ಮಾಡ್ತಾ ಕೂತ್ರೆ ಸಂಜೆಯಾಗುತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಅರ್ಧಕ್ಕೆ ನಿಲ್ಲಿಸಬೇಡ, ಪೂರ್ತಿ ಕೇಳು. ಚಳಿಗಾಲದಲ್ಲಿ ಒಣಗಿದೆ ಅಂತ ಯಾವ ಗಿಡನೂ ಕೀಳಬೇಡ. ಕೆಲಸದವನಿಗೆ ಹೇಳಿದ್ರೆ ಇವತ್ತೇ ಬೇಡ ಅಂದ್ಬಿಡು.

ನಮ್ಮ ಹಳೇ ಮನೆ ದಾಳಿಂಬೆ ನೆನಪಿದೆಯಾ, ನೀರಿನ ತೊಟ್ಟಿ ಪಕ್ಕ ಇತ್ತಲ್ಲ? ನಿನಗೆ ನೆನಪಿಲ್ಲದಿದ್ರೂ ನಿಮ್ಮಮ್ಮನಿಗೆ ಚೆನ್ನಾಗಿ ನೆನಪಿರುತ್ತೆ. ಅದೂ ಹೀಗೇ, ಚಳಿ ಬಂತು ಅಂದ್ರೆ ಎಲೆ ಹಳದಿಯಾಗಿ ಉದುರಿಹೋಗೋದು. ಒಂದು ವರ್ಷ ಅದರ ಕೊಂಬೆ ಮೇಲೆ ಒಣಗಿದ ನೊರೆ ಮೆತ್ತಿದ ಹಾಗೆ ಕಂದು ಬಣ್ಣದ್ದು ಏನೋ ಅಂಟಿಕೊಂಡಿತ್ತು. ಕೈ ಮುಗಿದ ಹಾಗೆ ನಿಲ್ಲುತ್ತಲ್ಲ ಹಸಿರು ಹುಳು, ಸೂರ್ಯನ ಕುದುರೆ, ಅದರ ಮೊಟ್ಟೆಯ ಗೂಡು. ತಾಯಿ ಹುಳು ಮೊಟ್ಟೆ ಇಡುವಾಗ ನೊರೆ ಬಿಡುತ್ತೆ, ಅದು ಗಟ್ಟಿಯಾಗಿ ಒಳಗಿನ ಮೊಟ್ಟೆಗಳನ್ನ ಚಳಿಯಿಂದ ಕಾಯುತ್ತೆ. ಬೆರಳಲ್ಲಿ ಮುಟ್ಟಿದ್ರೆ ಮೇಲೆ ಒರಟು, ಪಕ್ಕದಲ್ಲಿ ಪದರ ಪದರ. ಬೆಳಿಗ್ಗೆ ಎದ್ದ ತಕ್ಷಣ ಅದನ್ನ ನೋಡಿ ಬರೋದೇ ನನಗೊಂದು ಸಂತೋಷ ಆಗಿತ್ತು.

ನಾನು ಊರಲ್ಲಿಲ್ಲದ ಸಮಯ ನೋಡಿ, ನಮ್ಮ ಭಾವನವರು ತೋಟ ಗಲೀಜಾಗಿದೆ ಅಂತ ಆಳು ಕರೆಸಿ ಎಲ್ಲ ಕೀಳಿಸಿಬಿಟ್ಟಿದ್ರು. ಬಂದು ನೋಡ್ತೀನಿ, ಗಿಡ ಬೇರು ಸಮೇತ ಕಾಂಪೌಂಡ್ ಪಕ್ಕ ಬಿದ್ದಿದೆ. ಕೊಂಬೆ ಮುರಿದು ನೋಡಿದೆ. ತೊಗಟೆ ಕೆಳಗೆ ಹಸಿ ಹಸಿರು, ಪುಟ್ಟಿ! ಜೀವ ತುಂಬಿಕೊಂಡಿದ್ದ ಗಿಡ ಅದು. ಎಲೆ ಉದುರಿದ ಜಾಗದ ಪಕ್ಕದಲ್ಲೆಲ್ಲ ಸಾಸಿವೆ ಕಾಳಿನಷ್ಟು ಮೊಗ್ಗು ಆಗಲೇ ಕೂತಿತ್ತು. ಮತ್ತೆ ನೆಟ್ಟೆ, ಹಿಡಿಯಲಿಲ್ಲ. ಗೂಡಿದ್ದ ಕೊಂಬೆಯನ್ನ ಮಾತ್ರ ಬೇರೆ ಗಿಡಕ್ಕೆ ದಾರದಲ್ಲಿ ಕಟ್ಟಿದೆ. ಬಿಸಿಲೇರಿದ ಮೇಲೆ ಒಂದಿನ ಅದರಿಂದ ಇರುವೆಯಷ್ಟು ಮರಿಗಳು ಸಣ್ಣ ಎಳೆ ಹಿಡಿದು ಜೋತಾಡ್ತಾ ಇಳಿದವು. ಮನೆಯವರನ್ನೆಲ್ಲ ಕೂಗಿ ಕರೆದೆ. ಒಬ್ಬರೂ ಬರಲಿಲ್ಲ.

ಭಾವನವರು ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತಾಡಿಲ್ಲ. "ಒಂದು ಗಿಡಕ್ಕೆ ಇಷ್ಟೊಂದಾ" ಅಂದ್ರು, ಅಷ್ಟೇ. ಹೂ ಬಿಟ್ಟಾಗ ಎಲ್ಲರೂ ಬಂದು ಗಿಡದ ಮುಂದೆ ನಿಂತು ಫೋಟೋ ತೆಗೆಸ್ಕೋತಾರೆ, ಚಳಿಗಾಲದಲ್ಲಿ ಬಂದವರು ಕಿಟಕಿಯಿಂದಲೇ ಇಣುಕಿ "ಈಗ ಏನಿದೆ ನೋಡೋಕೆ" ಅಂತಾರೆ. ಏನಿಲ್ಲ ಹೇಳಿ? ಎಲೆ ಉದುರಿದ ಮೇಲೇ ಅಲ್ವಾ ವರ್ಷವೆಲ್ಲ ಕಾಣದೇ ಇದ್ದ ಹಕ್ಕಿಗೂಡು ಕಾಣೋದು? ಎಲೆ ಕಳಚಿಕೊಂಡ ಗುರುತನ್ನ ಹತ್ತಿರದಿಂದ ನೋಡಿದೀರಾ ಯಾರಾದ್ರೂ? ಕೆಲವು ಮರದಲ್ಲಿ ಅದು ಕುದುರೆ ಲಾಳದ ಹಾಗೇ ಇರುತ್ತೆ, ಒಳಗೆ ಚುಕ್ಕಿ ಚುಕ್ಕಿ. ಎಲೆಗೆ ನೀರು ಹೋಗ್ತಿದ್ದ ನಾಳಗಳು ಅವು. ಬೆಳಿಗ್ಗೆ ಹುಲ್ಲಿನ ತುದಿಯಲ್ಲಿ ಒಂದೊಂದೇ ಹನಿ ನಿಂತಿರುತ್ತಲ್ಲ, ಅದೆಲ್ಲ ಇಬ್ಬನಿ ಅಲ್ಲ. ರಾತ್ರಿಯೆಲ್ಲ ಬೇರು ನೀರು ತಳ್ಳಿ, ಹೆಚ್ಚಾದದ್ದು ತುದಿಯಿಂದ ಹೊರಗೆ ಬಂದಿರೋದು. ಇಬ್ಬನಿ ಆದ್ರೆ ಎಲೆ ಪೂರ್ತಿ ಹರಡಿರುತ್ತೆ. ಹಕ್ಕಿಗಳು ಗರಿ ಉಬ್ಬಿಸಿ ಉಂಡೆಯಾಗಿ ಕೂತಿರ್ತಾವೆ, ಗರಿ ನಡುವಿನ ಗಾಳಿಯೇ ಅವಕ್ಕೆ ಕಂಬಳಿ. ಇದನ್ನೆಲ್ಲ ನಾನು ಹೇಳೋಕೆ ಶುರು ಮಾಡಿದ್ರೆ ನಮ್ಮ ಮನೇಲಿ ಎಲ್ಲರೂ ಮೊಬೈಲು ತೆಗೀತಾರೆ. ಈ ಗ್ರೂಪಲ್ಲೂ ಅಷ್ಟೇ, ಬೆಳಗಾದ್ರೆ ಹೂವಿನ ಚಿತ್ರ ಬಂದು ಬೀಳುತ್ತೆ, ಬಾಗಿಲು ತೆಗೆದು ತಮ್ಮ ಗಿಡದ ಮುಂದೆ ಐದು ನಿಮಿಷ ನಿಂತವರು ಯಾರು? ನನಗೆ ನೋವಾಗುತ್ತೆ, ಅದಕ್ಕೇ ಹೇಳ್ತಿದೀನಿ.

ಇರಲಿ. ಚಳಿಗಾಲದಲ್ಲಿ ಒಣಗಿದೆ ಅಂತ ಯಾವ ಗಿಡನೂ ಕೀಳಬೇಡ, ಇನ್ನೊಂದು ಸಲ ಹೇಳ್ತೀನಿ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲ ನೋಡು. ಬದುಕಿದೆಯೋ ಇಲ್ಲವೋ ತಿಳಿಯೋದು ಕಷ್ಟ ಅಲ್ಲ. ಕೊಂಬೆ ತುದಿಯಲ್ಲಿ ಉಗುರಿನಿಂದ ಎಳ್ಳಿನಷ್ಟು ಜಾಗ ಮೆಲ್ಲಗೆ ಕೆರೆ. ಹಸಿರಾಗಿ ಹಸಿಯಾಗಿದ್ರೆ ಜೀವ ಇದೆ. ಕಂದಾಗಿ ಒಣಗಿದ್ರೆ ಸ್ವಲ್ಪ ಕೆಳಗೆ ಬಂದು ಮತ್ತೆ ಕೆರೆ, ಹಾಗೇ ಬುಡದವರೆಗೂ ನೋಡು. ತುದಿ ಸತ್ತು ಬುಡ ಬದುಕಿರೋದು ಎಷ್ಟೋ ಸಲ ಇರುತ್ತೆ. ಸತ್ತ ತುದಿ ಕತ್ತರಿಸೋಕೂ ಅವಸರ ಬೇಡ, ಚಿಗುರು ಒಡೆದ ಮೇಲೆ ಎಲ್ಲಿವರೆಗೆ ಕತ್ತರಿಸಬೇಕು ಅಂತ ಗಿಡವೇ ತೋರಿಸುತ್ತೆ. ನೀರು ಕಡಿಮೆ ಮಾಡು. ಎಲೆ ಇಲ್ಲದ ಗಿಡ ಜಾಸ್ತಿ ಕುಡಿಯಲ್ಲ, ಬುಡ ತೇವವಾಗೇ ಇದ್ರೆ ಬೇರು ಕೊಳೆಯುತ್ತೆ. ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ರೆ ಮಾತ್ರ, ಅದೂ ಬಿಸಿಲು ಬಂದ ಮೇಲೆ ಹಾಕು. ಗೊಬ್ಬರ ಈಗ ಬೇಡ, ಎಳೇ ಚಿಗುರು ಬಂದ್ರೆ ಚಳಿಗೆ ಸುಟ್ಟುಹೋಗುತ್ತೆ. ಬಿದ್ದ ಎಲೆ ಬುಡದಲ್ಲೇ ಇರಲಿ, ಅದರ ಅಡಿಯಲ್ಲಿ ಗುಲಗಂಜಿ ಹುಳುಗಳು ಮಲಗಿರ್ತಾವೆ, ಚಿಗುರು ಬಂದಾಗ ಅದರ ರಸ ಹೀರೋ ಗಿಡದ ಹೇನು ತಿನ್ನೋಕೆ ಅವೇ ಬೇಕು. ಏನಾದ್ರೂ ಕತ್ತರಿಸೋ ಮುಂಚೆ ಕೊಂಬೆ ಸುತ್ತ ಒಂದು ಸಲ ಕಣ್ಣಾಡಿಸು, ನೊರೆಯಂಥದ್ದು ಅಂಟಿದ್ರೆ ಆ ಕೊಂಬೆ ಹಾಗೇ ಬಿಡು.

ನಾಳೆ ಬೆಳಕಾದ ಮೇಲೆ ಕೆರೆದು ನೋಡಿ, ಆ ಜಾಗದ ಫೋಟೋ ಹತ್ತಿರದಿಂದ ತೆಗೆದು ನನಗೆ ಹಾಕು. ಗ್ರೂಪಿಗೆ ಬೇಡ, ನನಗೇ ಕಳಿಸು.